ಪಠ್ಯಪುಸ್ತಕದ ವಿವಾದವೂ ಹೊನವಾಡದ ಶಾಸನವೂ

2020ರ ಡಿಸೆಂಬರ್ ತಿಂಗಳಲ್ಲಿ ಕರ್ನಾಟಕದ ಆರನೆಯ ತರಗತಿಯ ಸಮಾಜವಿಜ್ಞಾನ ಪುಸ್ತಕದ ಒಂದು ಪಾಠ ವಿವಾದಕ್ಕೆ ಒಳಗಾಯಿತು. ಪಾಠದ ವಿಷಯ ಹೊಸ ಧರ್ಮಗಳ ಉದಯ. ಎಂದರೆ ಜೈನ ಮತ್ತು ಬೌದ್ಧ ಧರ್ಮಗಳು ಯಾವ ಸನ್ನಿವೇಶದಲ್ಲಿ, ಯಾವ ಕಾರಣಗಳಿಂದ ಪ್ರಬಲವಾದವು ಎಂಬುದು. ಯಜ್ಞಗಳಲ್ಲಿ ಹಾಲು, ತುಪ್ಪ ಮೊದಲಾದ ಪದಾರ್ಥಗಳ ಬಳಕೆಯಿಂದ ಆಹಾರದ ಅಭಾವ ಉಂಟಾಯಿತೆಂಬ, ಸಂಸ್ಕೃತ ಮಂತ್ರಗಳು ಜನಸಾಮಾನ್ಯರಿಗೆ ಅರ್ಥವಾಗುತ್ತಿರಲಿಲ್ಲವೆಂಬ ಅಭಿಪ್ರಾಯಗಳು ಅದರಲ್ಲಿದ್ದವು. ಬ್ರಾಹ್ಮಣ ಸಮುದಾಯದ ಸಂಘಟನೆಗಳೂ ಮಠಾಧೀಶರೂ ಆಕ್ಷೇಪಿಸಿದರು. ತಮ್ಮ ಮಕ್ಕಳು ತಮ್ಮ ಹಿರಿಯರ ಬಗೆಗೆ ಇಂಥ ಮಾತನ್ನು ತರಗತಿಯಲ್ಲಿ ಕುಳಿತು ಓದಬೇಕೆ ಎಂಬುದು ಅವರ ಪ್ರಶ್ನೆಯ ತಿರುಳು. ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ಆ ಭಾಗವನ್ನು ಕೈಬಿಡಲು ಸೂಚಿಸಿದರು.

ಈ ವಿವಾದದಲ್ಲಿ ಜೈನರು ವಾದಿಗಳೂ ಆಗಿರಲಿಲ್ಲ, ಪ್ರತಿವಾದಿಗಳೂ ಆಗಿರಲಿಲ್ಲ. ಆದರೂ ತೆಗೆದುಹಾಕಿದ್ದು ನಮ್ಮ ಧರ್ಮದ ಇತಿಹಾಸವನ್ನು ಹೇಳುವ ಪಾಠದ ಪೀಠಿಕೆಯನ್ನು. ಒಂದು ಸಮುದಾಯದ ನೋವಿಗೆ ಕಾರಣವಾದ ಸಾಲುಗಳು ಇನ್ನೊಂದು ಸಮುದಾಯದ ಉದಯದ ವಿವರಣೆಯೂ ಆಗಿದ್ದವು. ಆದುದರಿಂದ ಪ್ರಶ್ನೆ ನಮ್ಮದೂ ಹೌದು. ಪೋಷಕರೂ ಸಮುದಾಯಗಳೂ ಪಠ್ಯವನ್ನು ಪ್ರಶ್ನಿಸಬಹುದೆ? ಪ್ರಶ್ನಿಸಬಹುದಾದರೆ ಯಾವ ಆಧಾರದ ಮೇಲೆ? ಬಸವಣ್ಣನವರ ಹುಟ್ಟೂರೂ ಆದಿಲ್‌ಶಾಹಿಗಳ ರಾಜಧಾನಿಯೂ ಸಾವಿರ ವರ್ಷದ ಹಳೆಯ ಜಿನಾಲಯದ ಶಾಸನವೂ ಒಂದೇ ಜಿಲ್ಲೆಯಲ್ಲಿರುವ ವಿಜಯಪುರದ ನೆಲೆಯಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಒಂದು ಗ್ರಂಥದ ಎರಡು ವಿವರಣೆಗಳು

ಯಜ್ಞಕ್ಕೂ ಶ್ರಮಣ ಧರ್ಮಗಳ ಉದಯಕ್ಕೂ ಆರ್ಥಿಕ ಸಂಬಂಧವನ್ನು ಕಲ್ಪಿಸುವ ವಿವರಣೆ ಕರ್ನಾಟಕದ ಪಠ್ಯರಚನಕಾರರು ಹೊಸದಾಗಿ ಕಂಡುಹಿಡಿದದ್ದಲ್ಲ. ಇತಿಹಾಸಕಾರ ರಾಮಶರಣ ಶರ್ಮಾ ಅವರು ಎನ್‌ಸಿಇಆರ್‌ಟಿಗಾಗಿ ಬರೆದು 1977ರಲ್ಲಿ ಪ್ರಕಟವಾದ ‘ಏನ್ಷಿಯಂಟ್ ಇಂಡಿಯಾ’ ಎಂಬ ಪಠ್ಯಪುಸ್ತಕದ ಮೂಲಕ ಅದು ದೇಶದ ಶಾಲೆಗಳಲ್ಲಿ ಪ್ರಚಾರಕ್ಕೆ ಬಂದಿತು. ಅವರ ವಾದದಲ್ಲಿ ಮುಖ್ಯವಾದುದು ಹಾಲು ತುಪ್ಪಗಳ ವ್ಯಯವಲ್ಲ, ಪಶುವಧೆ. ಗಂಗೆಯ ಮಧ್ಯಬಯಲಿನಲ್ಲಿ ಕಬ್ಬಿಣದ ಗುಳದ ನೇಗಿಲಿನ ಬೇಸಾಯ ಹಬ್ಬತೊಡಗಿದಾಗ ಎತ್ತುಗಳ ಅವಶ್ಯಕತೆ ಹೆಚ್ಚಿತು. ಯಜ್ಞದಲ್ಲಿ ದನಗಳನ್ನು ವಧಿಸುವ ಪದ್ಧತಿ ಈ ಹೊಸ ಬೇಸಾಯಕ್ಕೆ ಅಡ್ಡಿಯಾಯಿತು. ಅಹಿಂಸೆಯನ್ನು ಬೋಧಿಸಿದ ಧರ್ಮಗಳಿಗೆ ಒಕ್ಕಲು ಮತ್ತು ವರ್ತಕ ವರ್ಗಗಳ ಬೆಂಬಲ ದೊರೆಯಿತು ಎಂಬುದು ಆ ವಾದ. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಆದರೆ ಅದು ಚರ್ಚಿಸಲು ಯೋಗ್ಯವಾದ ವಾದ. ಆರನೆಯ ತರಗತಿಗೆಂದು ಸರಳಗೊಳಿಸುವಾಗ ಅದು ಹಾಲು ತುಪ್ಪದ ಅಭಾವಕ್ಕೆ ಇಳಿದು ದುರ್ಬಲವಾಯಿತು. ಆಕ್ಷೇಪಿಸಿದವರ ಮಾತಿನಲ್ಲಿ ಈ ಮಟ್ಟಿಗೆ ಹುರುಳಿತ್ತೆಂದು ಒಪ್ಪಲೇಬೇಕು.

ಇದೇ ಗ್ರಂಥ ಜೈನರಿಗೂ ನೋವುಂಟುಮಾಡಿತ್ತು ಎಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಶರ್ಮಾ ಅವರು ಮಹಾವೀರರಿಗಿಂತ ಹಿಂದಿನ ತೀರ್ಥಂಕರರಲ್ಲಿ ಬಹುಪಾಲು ಜನರ ಚಾರಿತ್ರಿಕತೆ ಸಂದೇಹಾಸ್ಪದವೆಂದೂ, ಧರ್ಮಕ್ಕೆ ಪ್ರಾಚೀನತೆಯನ್ನು ತಂದುಕೊಡಲು ಈ ಪರಂಪರೆಯನ್ನು ಕಟ್ಟಲಾಯಿತೆಂದೂ ಅಭಿಪ್ರಾಯಪಟ್ಟಿದ್ದರು. 1978ರಲ್ಲಿ, ಜನತಾ ಸರ್ಕಾರದ ಕಾಲದಲ್ಲಿ, ಬೇರೆ ಕಾರಣಗಳಿಗಾಗಿ ಈ ಪುಸ್ತಕವನ್ನು ಪಠ್ಯಕ್ರಮದಿಂದ ತೆಗೆಯಲಾಯಿತು. ಸರ್ಕಾರ ಬದಲಾದ ಮೇಲೆ ಅದು ಮರಳಿ ಬಂದಿತು. 2001ರ ಅಕ್ಟೋಬರ್‌ನಲ್ಲಿ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು ಹಲವು ಇತಿಹಾಸ ಪುಸ್ತಕಗಳಿಂದ ಆಯ್ದ ಭಾಗಗಳನ್ನು ತೆಗೆದು, ಅವನ್ನು ತರಗತಿಯಲ್ಲಿ ಚರ್ಚಿಸಲೂ ಬಾರದೆಂದು ಶಾಲೆಗಳಿಗೆ ಸೂಚಿಸಿತು. ಪ್ರಾಚೀನ ಕಾಲದ ಗೋಮಾಂಸ ಭಕ್ಷಣೆ, ಗುರು ತೇಗ್ ಬಹಾದ್ದೂರರ ವಧೆ, ಜಾಟರ ವಿಷಯದ ಸಾಲುಗಳ ಜೊತೆಗೆ ತೀರ್ಥಂಕರರನ್ನು ಕುರಿತ ಸಾಲುಗಳೂ ಆ ಪಟ್ಟಿಯಲ್ಲಿದ್ದವು.

ಅಂದು ನಮ್ಮ ಸಮಾಜದಲ್ಲಿ ಸಮಾಧಾನಪಟ್ಟವರು ಕಡಮೆಯಿರಲಾರರು. ಮನೆಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಹೆಸರುಗಳನ್ನು ಕಂಠಪಾಠ ಮಾಡಿ ಶಾಲೆಗೆ ಹೋಗುವ ಮಗು, ಇದು ಕಟ್ಟುಕಥೆಯೆಂಬ ಧಾಟಿಯ ಮಾತನ್ನು ಪಠ್ಯದಲ್ಲಿ ಓದಿದರೆ ಆಗುವ ಸಂಕಟ ಸಣ್ಣದಲ್ಲ. ಆದರೆ ಎರಡು ಪ್ರಸಂಗಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಯಜ್ಞದ ವಿವರಣೆಯನ್ನು ಇತಿಹಾಸವೆಂದು ಸ್ವಾಗತಿಸಿ, ತೀರ್ಥಂಕರರ ವಿವರಣೆಯನ್ನು ಮಾತ್ರ ಅಪಚಾರವೆಂದು ಅಳಿಸಿಹಾಕಲು ಕೇಳುವುದು ನ್ಯಾಯವಲ್ಲ. ಎರಡೂ ಒಬ್ಬನೇ ವಿದ್ವಾಂಸನ, ಒಂದೇ ವಿಧಾನದ ಫಲಗಳು. ಒಂದಕ್ಕೆ ಸಾಕ್ಷ್ಯವನ್ನು ಕೇಳಿದರೆ ಇನ್ನೊಂದಕ್ಕೂ ಕೇಳಬೇಕು. ಒಂದನ್ನು ಭಾವನೆಯ ತಕ್ಕಡಿಯಲ್ಲಿ ತೂಗಿದರೆ ಇನ್ನೊಂದನ್ನೂ ಹಾಗೆಯೇ ತೂಗಬೇಕಾಗುತ್ತದೆ. ಆಗ ಪಠ್ಯದಲ್ಲಿ ಉಳಿಯುವುದು ಏನೂ ಇಲ್ಲ.

ಸಾಕ್ಷ್ಯದಿಂದ ಆದ ತಿದ್ದುಪಡಿ

ಜೈನ ಧರ್ಮದ ಬಗೆಗೆ ಇದಕ್ಕಿಂತ ದೊಡ್ಡ ತಪ್ಪು ಅಭಿಪ್ರಾಯವೊಂದು 19ನೆಯ ಶತಮಾನದ ಯುರೋಪಿನ ವಿದ್ವತ್ತಿನಲ್ಲಿ ಬೇರುಬಿಟ್ಟಿತ್ತು. ಲಾಸೆನ್, ವೇಬರ್ ಮುಂತಾದ ಗಣ್ಯ ವಿದ್ವಾಂಸರು ಜೈನಧರ್ಮವನ್ನು ಬೌದ್ಧಧರ್ಮದಿಂದ ಒಡೆದು ಹುಟ್ಟಿದ ಶಾಖೆಯೆಂದು ಭಾವಿಸಿದ್ದರು. ಮಹಾವೀರರ ಸ್ವತಂತ್ರ ಅಸ್ತಿತ್ವವೇ ಸಂದೇಹದಲ್ಲಿತ್ತು. ಈ ಅಭಿಪ್ರಾಯ ಬಿದ್ದುಹೋದದ್ದು ಯಾವ ಮನವಿಪತ್ರದಿಂದಲೂ ಅಲ್ಲ. ಹರ್ಮನ್ ಜಾಕೋಬಿ ಅವರು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿ, ಅದರ ಪೀಠಿಕೆಯಲ್ಲಿ ಜೈನ ಆಗಮಗಳನ್ನೂ ಬೌದ್ಧರ ಪಾಲಿ ಗ್ರಂಥಗಳನ್ನೂ ಹೋಲಿಸಿ ನೋಡಿದರು. ಪಾಲಿ ಗ್ರಂಥಗಳಲ್ಲಿ ಬುದ್ಧನ ಸಮಕಾಲೀನನಾಗಿ, ಪ್ರತಿಸ್ಪರ್ಧಿಯಾಗಿ ಬರುವ ನಿಗಂಠ ನಾತಪುತ್ತನೇ ಮಹಾವೀರ ಎಂಬುದು ಖಚಿತವಾಯಿತು. ವಿರೋಧಿಗಳೇ ಸಾಕ್ಷಿ ನುಡಿದ ಮೇಲೆ ಶಾಖೆಯ ವಾದ ನಿಲ್ಲಲಿಲ್ಲ.

ಜಾಕೋಬಿ ಅಲ್ಲಿಗೇ ನಿಲ್ಲಿಸಲಿಲ್ಲ. ಪಾಲಿ ಗ್ರಂಥವೊಂದು ನಿಗಂಠರ ನಿಯಮವನ್ನು ನಾಲ್ಕು ಬಗೆಯ ಸಂಯಮವೆಂದು ವರ್ಣಿಸುತ್ತದೆ. ಮಹಾವೀರರು ಬೋಧಿಸಿದ್ದು ಐದು ವ್ರತಗಳು; ನಾಲ್ಕು ಯಾಮಗಳು ಪಾರ್ಶ್ವನಾಥರ ಪರಂಪರೆಗೆ ಸೇರಿದವು ಎಂದು ಜೈನ ಆಗಮಗಳು ಹೇಳುತ್ತವೆ. ಹೀಗಾಗಿ ಮಹಾವೀರರಿಗೆ ಮುಂಚೆಯೇ ಪಾರ್ಶ್ವನಾಥರ ಸಂಘವಿತ್ತೆಂಬುದಕ್ಕೆ ಹೊರಗಿನ ಆಧಾರ ದೊರೆಯಿತು. ಇಂದು ಪಾರ್ಶ್ವನಾಥರನ್ನು ಚಾರಿತ್ರಿಕ ವ್ಯಕ್ತಿಯೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ತಿಕೋಟಾ ತಾಲ್ಲೂಕಿನ ಬಾಬಾನಗರದಲ್ಲಿಯೂ ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿಯಲ್ಲಿಯೂ ಕೈಮುಗಿಯುವ ಶ್ರಾವಕರ ಶ್ರದ್ಧೆಗೆ ಈ ಒಪ್ಪಿಗೆ ಬೇಕಿಲ್ಲ. ಆದರೆ ಆ ಶ್ರಾವಕರ ಮಗು ಓದುವ ಪಠ್ಯಕ್ಕೆ ಬೇಕು. 2001ರ ಸುತ್ತೋಲೆ ನಮಗೆ ಏನನ್ನೂ ಗಳಿಸಿಕೊಡಲಿಲ್ಲ. ಕೆಲವೇ ವರ್ಷಗಳಲ್ಲಿ ಸರ್ಕಾರವೂ ಪಠ್ಯಕ್ರಮವೂ ಬದಲಾದವು. 1879ರ ಪೀಠಿಕೆ ಗಳಿಸಿಕೊಟ್ಟದ್ದು ಇಂದಿಗೂ ಉಳಿದಿದೆ.

ನಮ್ಮ ಆಚಾರ್ಯರ ಪರಂಪರೆಯೂ ಪರೀಕ್ಷೆಗೆ ಅಂಜಿದ್ದಲ್ಲ. ಸಮಂತಭದ್ರರ ‘ಆಪ್ತಮೀಮಾಂಸೆ’ ಆಪ್ತನನ್ನೇ ಪರೀಕ್ಷಿಸಲು ಹೊರಟ ಗ್ರಂಥ. ಬಾಹ್ಯ ವೈಭವವನ್ನು ಹಿರಿಮೆಯ ಪ್ರಮಾಣವೆಂದು ಅದು ಸ್ವೀಕರಿಸುವುದಿಲ್ಲ. ಅನೇಕಾಂತವೆಂದರೆ ಎಲ್ಲ ಮಾತುಗಳೂ ಸಮಾನ ಸತ್ಯವೆಂದಲ್ಲ. ಯಾವ ಮಾತನ್ನು ಯಾವ ನಯದಿಂದ ಹೇಳಲಾಗುತ್ತಿದೆ ಎಂಬುದನ್ನು ಸ್ಪಷ್ಟಪಡಿಸಬೇಕೆಂದು. ತೀರ್ಥಂಕರರ ವಿಷಯದ ಸಾಲುಗಳಿಗೆ ಆಗಬೇಕಾಗಿದ್ದುದೂ ಇದೇ. ಇಪ್ಪತ್ತನಾಲ್ವರ ಪರಂಪರೆ ಜೈನರ ಶ್ರದ್ಧೆ. ಅವರಲ್ಲಿ ಕೊನೆಯ ಇಬ್ಬರಿಗೆ ಇತಿಹಾಸಕಾರರು ಒಪ್ಪುವ ಆಧಾರಗಳಿವೆ. ಹೀಗೆ ಎರಡು ವಾಕ್ಯಗಳಲ್ಲಿ ಹೇಳಿದ್ದರೆ ವಿಷಯವೂ ಉಳಿಯುತ್ತಿತ್ತು, ಮಗುವಿನ ಮನಸ್ಸೂ ಮುದುಡುತ್ತಿರಲಿಲ್ಲ.

ಬಾಗೇವಾಡಿಯ ಬಸವಣ್ಣನವರು ಮತ್ತು 2022ರ ಪಠ್ಯ

ವಿಜಯಪುರ ಜಿಲ್ಲೆಗೆ ಅತ್ಯಂತ ಹತ್ತಿರವಾದ ಪಠ್ಯವಿವಾದ 2022ರದು. ಬರಗೂರು ರಾಮಚಂದ್ರಪ್ಪ ಅವರ ನೇತೃತ್ವದಲ್ಲಿ ಸಿದ್ಧವಾಗಿದ್ದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿತು. ಒಂಬತ್ತನೆಯ ತರಗತಿಯ ಸಮಾಜವಿಜ್ಞಾನ ಪುಸ್ತಕದಲ್ಲಿ ಬಸವಣ್ಣನವರು ಉಪನಯನದ ನಂತರ ಕೂಡಲಸಂಗಮಕ್ಕೆ ತೆರಳಿ ಶೈವ ಗುರುಗಳಿಂದ ದೀಕ್ಷೆ ಪಡೆದರೆಂದೂ ವೀರಶೈವ ಮತವನ್ನು ಬೆಳೆಸಿದರೆಂದೂ ಬರೆಯಲಾಯಿತು. ಜನಿವಾರವನ್ನು ತ್ಯಜಿಸಿದ ಸಂಗತಿ ಮರೆಯಾಯಿತೆಂದು ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯರೂ ಇತರ ಮಠಾಧೀಶರೂ ಪ್ರತಿಭಟಿಸಿದರು. ನಾಡಗೀತೆಗೆ ಆದ ಅವಮಾನದ ಪ್ರಶ್ನೆಯೂ ಇದೇ ಸಮಯದಲ್ಲಿ ಎದ್ದಿತು. ಜೈನ ಸಾಹಿತ್ಯದ ಹಿರಿಯ ವಿದ್ವಾಂಸರಾದ ಹಂಪ ನಾಗರಾಜಯ್ಯ ಅವರು ಕುವೆಂಪು ಪ್ರತಿಷ್ಠಾನದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಜೂನ್‌ನಲ್ಲಿ ಸರ್ಕಾರ ಸಮಿತಿಯನ್ನು ವಿಸರ್ಜಿಸಿ, ಬಸವಣ್ಣನವರ ಪಾಠವನ್ನು ತಿದ್ದುವುದಾಗಿ ಹೇಳಿತು. ಅಂಬೇಡ್ಕರ್ ಅವರ ಹೆಸರಿನ ಜೊತೆ ಬಿಟ್ಟುಹೋಗಿದ್ದ ಸಂವಿಧಾನ ಶಿಲ್ಪಿ ಎಂಬ ಪದವನ್ನು ಮರಳಿ ಸೇರಿಸಲು ಒಪ್ಪಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಹೆಡಗೇವಾರ್, ಸಾವರ್ಕರ್ ಕುರಿತ ಪಾಠಗಳನ್ನು ತೆಗೆದು, ಸಾವಿತ್ರಿಬಾಯಿ ಫುಲೆ ಅವರ ಪಾಠವನ್ನೂ ನೆಹರೂ ಅವರು ಮಗಳಿಗೆ ಬರೆದ ಪತ್ರಗಳ ಪಾಠವನ್ನೂ ಸೇರಿಸಲು ನಿರ್ಧರಿಸಿತು.

2020ರಲ್ಲಿ ಆರನೆಯ ತರಗತಿಯಲ್ಲಿದ್ದ ತಿಕೋಟಾದ ಒಂದು ಮಗುವನ್ನು ಊಹಿಸಿಕೊಳ್ಳಿ. ಆರರಲ್ಲಿ ಪಾಠದ ಒಂದು ಭಾಗ ರದ್ದಾಯಿತು, ಎಂಟರಲ್ಲಿ ಪರಿಷ್ಕೃತ ಪುಸ್ತಕ ಬಂದಿತು, ಒಂಬತ್ತರಲ್ಲಿ ಪರಿಷ್ಕರಣೆಯ ಮೇಲೆ ಮತ್ತೆ ಪರಿಷ್ಕರಣೆಯಾಯಿತು. ಆ ಮಗು ಇತಿಹಾಸದಿಂದ ಏನನ್ನು ಕಲಿತಿತೋ ತಿಳಿಯದು. ಇತಿಹಾಸವೆಂದರೆ ಗೆದ್ದ ಪಕ್ಷ ಬರೆಸುವ ಬರವಣಿಗೆ ಎಂಬುದನ್ನಂತೂ ಕಲಿತಿರಬೇಕು.

ವಿಷಾದವೆಂದರೆ, ಉಪನಯನದ ಪ್ರಶ್ನೆಗೆ ಹಳೆಯ ಕಾವ್ಯಗಳಲ್ಲಿಯೇ ಸಾಮಗ್ರಿಯಿದೆ. ಹರಿಹರನ ರಗಳೆಯಲ್ಲಿ ಬಸವಣ್ಣನವರಿಗೆ ಉಪನಯನವಾಗಿ, ಬಳಿಕ ಅವರು ಜನಿವಾರವನ್ನು ಕಿತ್ತೆಸೆದು ಕೂಡಲಸಂಗಮಕ್ಕೆ ನಡೆಯುತ್ತಾರೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದ ಮತ್ತು ಅದನ್ನು ಅನುಸರಿಸಿದ ಭೀಮಕವಿಯ ಕನ್ನಡ ಬಸವಪುರಾಣದ ಪರಂಪರೆಯಲ್ಲಿ ಅವರು ಉಪನಯನವನ್ನೇ ನಿರಾಕರಿಸುತ್ತಾರೆ. ಆಯಿತೊ ಇಲ್ಲವೊ ಎಂಬಲ್ಲಿ ಭಿನ್ನಾಭಿಪ್ರಾಯ. ಜನಿವಾರವನ್ನು ಒಲ್ಲೆನೆಂದರು ಎಂಬಲ್ಲಿ ಎಲ್ಲರೂ ಒಂದು. ಪರಿಷ್ಕರಣೆಯಲ್ಲಿ ಬಿಟ್ಟುಹೋದದ್ದು ಎಲ್ಲ ಆಕರಗಳೂ ಒಪ್ಪುವ ಈ ಅಂಶವೇ. ಎರಡು ಆಕರಗಳನ್ನೂ ಒಂಬತ್ತನೆಯ ತರಗತಿಯ ಮಕ್ಕಳ ಮುಂದಿಟ್ಟು, ಕವಿಗಳು ಏಕೆ ಭಿನ್ನವಾಗಿ ಹೇಳಿರಬಹುದೆಂದು ಕೇಳಿದ್ದರೆ ಅದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಇನ್ನೊಂದಿರಲಿಲ್ಲ.

ಬಸವಣ್ಣನವರ ವಿಷಯದಲ್ಲಿಯೂ ಒಬ್ಬ ಸಂದೇಹವಾದಿ ಇದ್ದರು. ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು 19ನೆಯ ಶತಮಾನದ ಕೊನೆಯಲ್ಲಿ ಇದೇ ಜಿಲ್ಲೆಯ ಮನಗೂಳಿಯ ಮತ್ತು ದಕ್ಷಿಣದ ಅಬ್ಬಲೂರಿನ ಶಾಸನಗಳನ್ನು ಪರಿಶೀಲಿಸಿ, ಬಸವಪುರಾಣದ ಕಥೆಯ ಚಾರಿತ್ರಿಕತೆಯನ್ನು ಶಂಕಿಸಿದರು; ಆ ಕಾಲದ ಶೈವ ಪುನರುತ್ಥಾನದ ಕೀರ್ತಿ ಏಕಾಂತದ ರಾಮಯ್ಯನಿಗೆ ಸಲ್ಲಬೇಕೆಂದು ಭಾವಿಸಿದರು. ಇದಕ್ಕೆ ಉತ್ತರ ಎರಡು ದಿಕ್ಕಿನಿಂದ ಬಂದಿತು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ತರ್ದವಾಡಿ ನಾಡಿನ ಬಾಗೇವಾಡಿಯ, ಮಾದಿರಾಜನ ಮಗನಾದ ಬಸವರಾಜನ ಹೆಸರು ದೊರೆಯಿತು. ಇತ್ತ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಮುದ್ರಣಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಫ್ಲೀಟರ ಬರಹವನ್ನು ಅಳಿಸಬೇಕೆಂದು ಅವರು ಕೇಳಲಿಲ್ಲ. ಅದಕ್ಕೆ ಎದುರಾಗಿ ನಿಲ್ಲುವ ಆಕರಗಳನ್ನು ಅಚ್ಚು ಮಾಡಿ ಮುಂದಿಟ್ಟರು. ಜರ್ಮನಿಯ ಜಾಕೋಬಿ ಜೈನರಿಗಾಗಿ ಮಾಡಿದ ಕೆಲಸವನ್ನೇ ಹಳಕಟ್ಟಿಯವರು ಶರಣರಿಗಾಗಿ ವಿಜಯಪುರದಲ್ಲಿ ಕುಳಿತು ಮಾಡಿದರು.

ಹೊರದೇಶದ ಎರಡು ನಿದರ್ಶನಗಳು

ನಮ್ಮಲ್ಲಿ ಜಾತಿ ಮತಗಳ ಸುತ್ತ ನಡೆಯುವ ಈ ಜಗಳ ಅಮೆರಿಕದಲ್ಲಿ ಜನಾಂಗ, ವರ್ಣಗಳ ಸುತ್ತ ನಡೆಯುತ್ತದೆ. ಅಲ್ಲಿಗೆ ವಲಸೆ ಹೋದ ನಮ್ಮವರು ನಮ್ಮ ಜಗಳವನ್ನೂ ಜೊತೆಗೆ ಒಯ್ದಿದ್ದಾರೆ. 2005ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಆರನೆಯ ತರಗತಿಯ ಇತಿಹಾಸ ಪುಸ್ತಕಗಳ ಪರಿಶೀಲನೆಯ ಸಮಯದಲ್ಲಿ ಹಿಂದೂ ಸಂಘಟನೆಗಳು ಜಾತಿ, ಸ್ತ್ರೀಯರ ಸ್ಥಾನಮಾನ, ಆರ್ಯರ ಆಗಮನ ಮುಂತಾದ ವಿಷಯಗಳಲ್ಲಿ ತಿದ್ದುಪಡಿಗಳನ್ನು ಸೂಚಿಸಿದವು. ಪುಸ್ತಕದ ಧಾಟಿಯಿಂದ ತರಗತಿಯಲ್ಲಿ ತಮ್ಮ ಮಕ್ಕಳು ತಲೆತಗ್ಗಿಸಬೇಕಾಗುತ್ತದೆ ಎಂಬುದು ಪೋಷಕರ ದೂರು. ಸಂಸ್ಕೃತ ವಿದ್ವಾಂಸ ಮೈಕೆಲ್ ವಿಟ್ಜೆಲ್ ಮೊದಲಾದವರು ವಿರೋಧಿಸಿದರು. ದಲಿತ ಸಂಘಟನೆಗಳು ಬೇರೆಯೇ ಪ್ರಶ್ನೆ ಕೇಳಿದವು: ಜಾತಿಯ ಉಲ್ಲೇಖವನ್ನು ಮಸುಕುಗೊಳಿಸಿದರೆ ನಮ್ಮ ಮಕ್ಕಳ ಇತಿಹಾಸ ಎಲ್ಲಿ ಉಳಿಯಿತು? 2006ರ ಮಾರ್ಚ್‌ನಲ್ಲಿ ರಾಜ್ಯ ಶಿಕ್ಷಣ ಮಂಡಳಿ ವಿವಾದಿತ ತಿದ್ದುಪಡಿಗಳಲ್ಲಿ ಬಹುಪಾಲನ್ನು ತಳ್ಳಿಹಾಕಿತು. ಪೋಷಕರ ಒಂದು ಸಂಘಟನೆ ಹೂಡಿದ ದಾವೆ 2009ರಲ್ಲಿ ರಾಜಿಯಲ್ಲಿ ಮುಗಿಯಿತು. ಪೋಷಕರೆಂದರೆ ಒಂದೇ ಧ್ವನಿಯಲ್ಲವೆಂಬುದಕ್ಕೆ ಇದು ನಿದರ್ಶನ. ಒಬ್ಬ ತಂದೆಗೆ ಅವಮಾನವೆಂದು ತೋರಿದ ಸಾಲು ಇನ್ನೊಬ್ಬ ತಂದೆಗೆ ತನ್ನ ಪೂರ್ವಿಕರ ಕಷ್ಟದ ಏಕೈಕ ದಾಖಲೆಯಾಗಿರಬಹುದು.

ಎರಡನೆಯದು ಅರಿಜೋನಾ ರಾಜ್ಯದ ಟೂಸಾನ್ ನಗರದ್ದು. ಅಲ್ಲಿನ ಶಾಲೆಗಳಲ್ಲಿ ಮೆಕ್ಸಿಕನ್ ಮೂಲದ ಅಮೆರಿಕನ್ನರ ಚರಿತ್ರೆ ಮತ್ತು ಸಾಹಿತ್ಯವನ್ನು ಬೋಧಿಸುವ ಪಾಠಕ್ರಮವಿತ್ತು. ಇದು ಒಂದು ಜನಾಂಗದ ವಿರುದ್ಧ ದ್ವೇಷ ಬೆಳೆಸುತ್ತದೆಂದು ಆಪಾದಿಸಿ ರಾಜ್ಯ 2010ರಲ್ಲಿ ಕಾನೂನು ಮಾಡಿತು. 2012ರ ಜನವರಿಯಲ್ಲಿ ಪಾಠಕ್ರಮ ನಿಂತಿತು. ವಿದ್ಯಾರ್ಥಿಗಳೂ ಪೋಷಕರೂ ನ್ಯಾಯಾಲಯಕ್ಕೆ ಹೋದರು. 2017ರಲ್ಲಿ ನ್ಯಾಯಾಲಯವು ಈ ನಿಷೇಧದ ಹಿಂದೆ ಜನಾಂಗೀಯ ವೈರವಿತ್ತೆಂದೂ ಅದು ಸಂವಿಧಾನ ವಿರುದ್ಧವೆಂದೂ ತೀರ್ಪಿತ್ತಿತು. ಅಳಿಸುವ ಅಧಿಕಾರ ಕೈಯಲ್ಲಿದ್ದವರು ಮೊದಲು ಅಳಿಸುವುದು ಯಾರ ಕಥೆಯನ್ನು ಎಂಬುದನ್ನು ಈ ಪ್ರಕರಣ ತೋರಿಸುತ್ತದೆ. ಭಾರತದ ಜನಸಂಖ್ಯೆಯಲ್ಲಿ ಶೇಕಡಾ ಒಂದರಷ್ಟೂ ಇಲ್ಲದ ಜೈನರು ಇದನ್ನು ವಿಶೇಷವಾಗಿ ಗಮನಿಸಬೇಕು. ನೋವಿನ ಕೂಗಿನ ಗಾತ್ರದ ಮೇಲೆ ಪಠ್ಯ ನಿರ್ಧಾರವಾಗುವುದಾದರೆ ಚಿಕ್ಕ ಸಮುದಾಯದ ಕೂಗು ಎಂದೂ ಚಿಕ್ಕದೇ. ಸಾಕ್ಷ್ಯದ ಮೇಲೆ ನಿರ್ಧಾರವಾಗುವುದಾದರೆ ಮಾತ್ರ ನಮಗೂ ಸ್ಥಾನವಿದೆ.

ಬಿಜ್ಜಳ, ಅಬ್ಬಲೂರು, ಹೊನವಾಡ

ಈಗ ನಮ್ಮ ಮಗುವಿನ ಕಡೆಗೆ ಬರೋಣ. ವಿಜಯಪುರದ ಶಾಲೆಯೊಂದರಲ್ಲಿ ಕಲ್ಯಾಣದ ಕ್ರಾಂತಿಯ ಪಾಠ ನಡೆಯುವಾಗ ಜೈನ ಬಾಲಕನೊಬ್ಬ ಲಿಂಗಾಯತ ಗೆಳೆಯರ ನಡುವೆ ಕುಳಿತಿರುತ್ತಾನೆ. ಶರಣರನ್ನು ಹಿಂಸಿಸಿದ ಬಿಜ್ಜಳ ಜೈನನಾಗಿದ್ದನೆಂಬ ಮಾತು ನಾಟಕಗಳಿಂದ, ಪುರಾಣಗಳಿಂದ ಜನಮನದಲ್ಲಿ ನೆಲೆಯೂರಿದೆ. ಸಹಪಾಠಿಗಳ ನೋಟ ತನ್ನ ಕಡೆಗೆ ತಿರುಗಿದಾಗ ಆ ಬಾಲಕನಿಗೆ ಆಗುವ ಕಸಿವಿಸಿ ನಿಜವಾದುದು. ನಾವು ಏನು ಮಾಡಬೇಕು? ಬಿಜ್ಜಳನ ಪಾಠವನ್ನೇ ತೆಗೆಯಿರೆಂದು ಮನವಿ ಕೊಡಬೇಕೆ?

ಬೇಕಿಲ್ಲ. ಬಿಜ್ಜಳನು ಕಲ್ಯಾಣದ ಸಿಂಹಾಸನವನ್ನು ಏರುವುದಕ್ಕೆ ಮುನ್ನ ಮಂಗಳವಾಡದಿಂದ ತರ್ದವಾಡಿ ಸಾವಿರವನ್ನು ಆಳಿದ ಮಹಾಮಂಡಲೇಶ್ವರ. ಈ ತರ್ದವಾಡಿ ನಾಡೇ ಇಂದಿನ ವಿಜಯಪುರ ಸೀಮೆ. ಅವನನ್ನು ಜೈನನೆಂದು ವರ್ಣಿಸುವ ಕೃತಿಗಳು ಅವನ ಕಾಲಕ್ಕಿಂತ ಬಹಳ ಈಚಿನವು. ಅಂಥ ಕೃತಿಗಳನ್ನು ಜೈನರೂ ಬರೆದಿದ್ದಾರೆ ಎಂಬುದನ್ನು ಮರೆಮಾಚಬಾರದು. ಅವನ ಕಾಲದ ಶಾಸನಗಳಲ್ಲಿಯಾದರೋ ಶಿವಾಲಯಗಳಿಗೆ ಕೊಟ್ಟ ದತ್ತಿಗಳಿವೆ. ಕಳಚುರಿಗಳ ಧ್ವಜದಲ್ಲಿ ವೃಷಭವಿದೆ. ಶಾಸನಗಳ ಆಧಾರದ ಮೇಲೆ ಅವನು ಶೈವನೇ ಆಗಿದ್ದನೆಂಬ ಅಭಿಪ್ರಾಯಕ್ಕೆ ವಿದ್ವಾಂಸರು ಬಂದಿದ್ದಾರೆ. ಫ್ಲೀಟರು ಆಧರಿಸಿದ ಅಬ್ಬಲೂರಿನ ಶಾಸನವೇ 1200ರ ಸುಮಾರಿಗೆ ಇನ್ನೊಂದು ಸಾಕ್ಷಿ ಹೇಳುತ್ತದೆ. ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ, ಜಿನಬಿಂಬವನ್ನು ಭಂಗಿಸಿದನು. ಜೈನರು ಬಿಜ್ಜಳನ ಬಳಿ ದೂರು ಒಯ್ದರು. ಬಿಜ್ಜಳನು ಜಯಪತ್ರ ಕೊಟ್ಟದ್ದು ರಾಮಯ್ಯನಿಗೆ.

ಅಬ್ಬಲೂರಿನ ಪ್ರಸಂಗ ನಮಗೆ ಸುಖದ ನೆನಪಲ್ಲ. ಅದನ್ನು ವಿಜಯಗಾಥೆಯಾಗಿ ಮಕ್ಕಳಿಗೆ ಹೇಳಬಾರದು. ಆದರೆ ಅದನ್ನು ಪಠ್ಯದಿಂದ, ಚರ್ಚೆಯಿಂದ ತೆಗೆಯಬೇಕೆಂದೂ ನಾವು ಕೇಳಬಾರದು. ತೆಗೆದರೆ ಬಿಜ್ಜಳನು ಜೈನಪಕ್ಷಪಾತಿಯೆಂಬ ಮಾತಿಗೆ ಎದುರಾಗಿರುವ ಗಟ್ಟಿ ಸಾಕ್ಷ್ಯವೊಂದನ್ನು ನಮ್ಮ ಕೈಯಾರೆ ಹೂಳಿದಂತಾಗುತ್ತದೆ. ನೋವು ಕೊಡುವ ಶಾಸನವೇ ನಮ್ಮ ಮೇಲಿನ ಆಪಾದನೆಯನ್ನು ತೊಡೆಯುವ ಶಾಸನವೂ ಆಗಿದೆ.

ಅಬ್ಬಲೂರಿನ ಜೊತೆಗೆ ಹೊನವಾಡವನ್ನೂ ಹೇಳಬೇಕು. ತಿಕೋಟಾ ತಾಲ್ಲೂಕಿನ ಹೊನವಾಡದ ಹಳೆಯ ಹೆಸರು ಪೊನ್ನವಾಡ. 1054ರ ಶಾಸನವೊಂದು ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಅವನ ರಾಣಿ ಕೇತಲದೇವಿಯ ಆಡಳಿತದಲ್ಲಿದ್ದ ಈ ಅಗ್ರಹಾರದ ಸಂಗತಿಯನ್ನು ತಿಳಿಸುತ್ತದೆ. ಕೇತಲದೇವಿಯ ಅಧಿಕಾರಿಯೂ ಸೇನಗಣದ ಮಹಾಸೇನ ಮುನಿಗಳ ಶಿಷ್ಯನೂ ಆದ ಚಾಂಕಿರಾಜನು ಇಲ್ಲಿ ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿ ಶಾಂತಿನಾಥರನ್ನು ಪ್ರತಿಷ್ಠಿಸಿದನು. ಅದಕ್ಕೆ ದತ್ತಿಗಳು ದೊರೆತವು. ಅಗ್ರಹಾರವೆಂದರೆ ವೈದಿಕ ಬ್ರಾಹ್ಮಣರ ನೆಲೆ. ಆ ನೆಲೆಯಲ್ಲಿಯೇ, ರಾಣಿಯ ಸಮ್ಮತಿಯಿಂದ, ಜಿನಮಂದಿರ ಎದ್ದಿತು. ಆರನೆಯ ತರಗತಿಯ ಪಾಠದ ಯಜ್ಞವಿರೋಧದ ಚಿತ್ರವಾಗಲಿ, ಆ ಪಾಠವನ್ನು ತೆಗೆಸಿದವರ ಮನಸ್ಸಿನಲ್ಲಿದ್ದ ಚಿತ್ರವಾಗಲಿ ಈ ಶಾಸನವನ್ನು ಒಳಗೊಳ್ಳುವುದಿಲ್ಲ. ಸಹಬಾಳ್ವೆಯೂ ಇತ್ತು, ಸಂಘರ್ಷವೂ ಇತ್ತು. ಒಂದೂವರೆ ಶತಮಾನದ ಅಂತರದ ಹೊನವಾಡ, ಅಬ್ಬಲೂರುಗಳು ಎರಡಕ್ಕೂ ಸಾಕ್ಷಿ.

ಪೋಷಕರ ಪಾಲು

ಕಾನೂನಿನ ಪ್ರಕಾರ ಪಠ್ಯದ ಒಳಹೂರಣದಲ್ಲಿ ಊರಿನ ಪೋಷಕರಿಗೆ ನೇರ ಅಧಿಕಾರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ನಿರ್ವಹಣ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರಿರಬೇಕೆಂದೂ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳುತ್ತದೆ. ಕರ್ನಾಟಕದಲ್ಲಿ 2001ರಿಂದಲೇ ಎಸ್‌ಡಿಎಂಸಿಗಳಿವೆ. ಕಟ್ಟಡ, ಬಿಸಿಯೂಟ, ಶಿಕ್ಷಕರ ಹಾಜರಿ, ಶಾಲಾಭಿವೃದ್ಧಿ ಯೋಜನೆ ಇವುಗಳ ವ್ಯಾಪ್ತಿ. ಪಠ್ಯಕ್ರಮ ನಿರ್ಧರಿಸುವುದು ಸರ್ಕಾರ ಗೊತ್ತುಪಡಿಸಿದ ಶೈಕ್ಷಣಿಕ ಪ್ರಾಧಿಕಾರದ ಕೆಲಸ. ಆದ್ದರಿಂದಲೇ ಪಠ್ಯದ ದೂರುಗಳು ಊರಿನ ಶಾಲೆಯಲ್ಲಿ ಚರ್ಚೆಯಾಗದೆ ಮಠ, ಸಂಘ, ಪಕ್ಷಗಳ ಮೂಲಕ ಬೆಂಗಳೂರಿಗೆ ಹೋಗುತ್ತವೆ; ಅಲ್ಲಿ ಸಾಕ್ಷ್ಯಕ್ಕಿಂತ ಸಂಖ್ಯೆಗೆ ಬೆಲೆ ಹೆಚ್ಚು.

ಆದರೆ ಅಧಿಕಾರವಿಲ್ಲವೆಂದರೆ ಪಾಲಿಲ್ಲವೆಂದಲ್ಲ. ಪಠ್ಯದ ಒಂದು ವಾಕ್ಯ ತಮ್ಮ ಮಗುವಿಗೆ ನೋವುಂಟುಮಾಡಿದರೆ ಪೋಷಕರು ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ವಾಕ್ಯಕ್ಕೆ ಆಕರ ಯಾವುದು? ಅದಕ್ಕೆ ಭಿನ್ನವಾದ ಆಕರವಿದೆಯೆ? ಶ್ರದ್ಧೆಯ ಮಾತನ್ನೂ ಸಾಕ್ಷ್ಯದ ಮಾತನ್ನೂ ಪುಸ್ತಕ ಬೇರ್ಪಡಿಸಿ ಹೇಳಿದೆಯೆ? ಈ ಪ್ರಶ್ನೆಗಳನ್ನು ಬ್ರಾಹ್ಮಣ ಪೋಷಕರೂ ಕೇಳಬಹುದು, ಲಿಂಗಾಯತ, ದಲಿತ, ಮುಸ್ಲಿಂ, ಜೈನ ಪೋಷಕರೂ ಕೇಳಬಹುದು. ಎಲ್ಲರೂ ಒಂದೇ ಪ್ರಶ್ನೆಯನ್ನು ಕೇಳತೊಡಗಿದರೆ ಜಗಳದ ಸ್ವರೂಪವೇ ಬದಲಾಗುತ್ತದೆ. ಉತ್ತರ ಬಂದಾಗ ತಿದ್ದುವುದು ಸುಲಭ, ಅಳಿಸುವ ಅಗತ್ಯ ಅಪರೂಪ.

ಸ್ಥಳೀಯ ಇತಿಹಾಸವನ್ನು ಬೋಧಿಸಲು ಯಾವ ಸಮಿತಿಯ ಅಪ್ಪಣೆಯೂ ಬೇಕಿಲ್ಲ. ಬಬಲೇಶ್ವರ ತಾಲ್ಲೂಕಿನ ಮಕ್ಕಳಿಗೆ ಮಮದಾಪುರದ ಕೆರೆಯ ದಂಡೆಯಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದ ನೀರಾವರಿಯನ್ನು ಹೇಳಬಹುದು. ವಿಜಯಪುರ ನಗರದಲ್ಲಿ, ಸರಸ್ವತಿಯನ್ನು ಸ್ತುತಿಸಿ ‘ಕಿತಾಬ್-ಎ-ನೌರಸ್’ ರಚಿಸಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನನ್ನೂ, ಮನೆ ಮಾರಿ ವಚನಗಳನ್ನು ಮುದ್ರಿಸಿದ ಹಳಕಟ್ಟಿಯವರನ್ನೂ ಪರಿಚಯಿಸಬಹುದು. ತಿಕೋಟಾದ ಒಂಬತ್ತನೆಯ ತರಗತಿಯಲ್ಲಿ 1054ರ ಶಾಸನದ ಪಾಠವನ್ನು ಒಂದು ಮಧ್ಯಾಹ್ನ ಓದಿಸಬಹುದು. ಅಗ್ರಹಾರ, ರಾಣಿ, ಮುನಿ, ಜಿನಾಲಯ ಈ ನಾಲ್ಕು ಪದಗಳು ಒಂದೇ ಕಲ್ಲಿನ ಮೇಲೆ ಏಕೆ ಬಂದವು ಎಂದು ಮಕ್ಕಳನ್ನು ಕೇಳಿದರೆ, ಅವರು ಕೊಡುವ ಉತ್ತರಗಳನ್ನು ಯಾವ ಸರ್ಕಾರವೂ ಸುತ್ತೋಲೆ ಹೊರಡಿಸಿ ಹಿಂದಕ್ಕೆ ಪಡೆಯಲಾರದು.